ಕಟ್ಟದೆ ಬಿಟ್ಟ ಕೆಂಪು ದಾರ

1985 ಆಗಸ್ಟ್ 19, ಸೋಮವಾರ

ಬಲಗಾಲು ಪಾದದಿಂದ ತೊಡೆಯ ಬುಡದವರೆಗೆ ಪ್ಲಾಸ್ಟರಿನೊಳಗಿದೆ. ಮಾಳಿಗೆಯ ಮೇಲಿನಿಂದ ಬಿದ್ದೆ ಎಂದು ಊರು ಆಡಿಕೊಳ್ಳುತ್ತಿದೆ. ಸುಳ್ಳು. ನಾನು ಹಾರಿದೆ. ಐವತ್ತಾರು ದಾಟಿದ ಮೇಲೂ ಮಾಳಿಗೆಯಿಂದ ಹಿಪ್ಪುನೇರಳೆ ಮರದ ಕೊಂಬೆಗೆ ಹಾರುವ ಗಂಡಸು ಈ ಬೆಟ್ಟದ ಯಾವ ಹಳ್ಳಿಯಲ್ಲೂ ಇಲ್ಲ ಎಂದು ಬೀಗ ಅಬುಝೆರನಿಗೆ ತೋರಿಸಬೇಕಿತ್ತು. ಕೊಂಬೆ ಕೈಗೆ ಸಿಕ್ಕಿತು ಕೂಡ. ಅದು ನನ್ನ ಜೊತೆಯಲ್ಲೇ ಕೆಳಗೆ ಬಂದದ್ದು ಕೊಂಬೆಯ ತಪ್ಪು.

ಅಕ್ಟೋಬರ್ ಕೊನೆಯವರೆಗೆ ಕಾಲು ನೆಲಕ್ಕೆ ಊರಬಾರದು ಎಂದು ಅದಿಯಮಾನ್ ಪೇಟೆಯ ಡಾಕ್ಟರ ಅಪ್ಪಣೆ. ಮೇಲಿನ ಕೋಣೆಯಲ್ಲಿ ಹಾಸಿಗೆ ಹಾಸಿದ್ದಾರೆ. ಕೆಳಗೆ ದನ, ಒಲೆ, ಅತ್ತಿಗೆ. ಇಳಿಯಲು ಹೊರಗಿನ ಮರದ ಏಣಿಯೊಂದೇ ದಾರಿ. ಹತ್ತಿಸುವಾಗ ನಾಲ್ಕು ಜನ ನಾನು ತಾನು ಎಂದು ಹೊತ್ತರು. ಇಳಿಸಿ ಎಂದರೆ ಒಬ್ಬನಿಗೂ ಕಿವಿ ಕೇಳಿಸುವುದಿಲ್ಲ. ಇರುವುದು ಒಂದು ಕಿಟಕಿ. ಕಿಟಕಿಯಾಚೆ ನಮ್ಮ ಹೊಗೆಸೊಪ್ಪಿನ ಹೊಲ.

ಈ ದಪ್ಪ ಪುಸ್ತಕ ತಂದು ಕೊಟ್ಟವಳು ಖೆಝಾಲ್. ತೀರಿಹೋದ ಅಣ್ಣನ ಮಗಳು, ಈಗ ಅಬುಝೆರನ ಸೊಸೆ. "ಮಾಮೊ, ನಿನ್ ಬಾಯಿ ಸುಮ್ನಿರೋದಲ್ಲ. ಕೇಳೋರಿಲ್ದಾಗ ಇದಕ್ಕೆ ಹೇಳು," ಅಂದಳು. ನಮ್ಮ ಮಾತಿನಲ್ಲಿ ಮಾಮೊ ಎಂದರೆ ಚಿಕ್ಕಪ್ಪ. ಅವಳಿಗೇನೋ ಸರಿ; ಆದರೆ ಊರಿನ ಹಲ್ಲುದುರಿದ ಮುದುಕರಿಗೂ ನಾನು ಮಾಮೊನೇ. ಜುಮೊ ಎಂಬ ಹೆಸರು ಸರಕಾರಕ್ಕೆ ಮತ್ತು ಅತ್ತಿಗೆಗೆ ಮಾತ್ರ ಗೊತ್ತು.

ಬರೆಯುವುದು ನನಗೇನು ಕಷ್ಟವಲ್ಲ. ಐದನೇ ತರಗತಿಯಲ್ಲಿ ನನ್ನ ಪುಟ ನೋಡಿ ಮಾಸ್ತರು "ಇದು ಬರೆದದ್ದೋ, ಅಚ್ಚು ಹಾಕಿದ್ದೋ?" ಎಂದು ಬೆರಗಾಗಿದ್ದರು. ಆಮೇಲೆ ಬೆಂಚಿನಡಿ ಪುಟ ಹರಿದ ಅಚ್ಚಿನ ಪುಸ್ತಕ ಸಿಕ್ಕಿತು, ಅದು ಬೇರೆ ವಿಷಯ.

ಆಗಸ್ಟ್ 21, ಬುಧವಾರ

ಕಾಲು ತುರಿಸುತ್ತದೆ. ತುರಿಕೆ ಒಳಗೆ, ಕೈ ಹೊರಗೆ. ಹೊಗೆಸೊಪ್ಪು ಪೋಣಿಸುವ ಉದ್ದ ಸೂಜಿಯನ್ನು ಪ್ಲಾಸ್ಟರಿನೊಳಗೆ ಇಳಿಸಿ ಕೆರೆದುಕೊಂಡೆ. ಅತ್ತಿಗೆ ಕಿತ್ತುಕೊಂಡು ಹೋದಳು.

ಕಿಟಕಿಯಿಂದ ಬೀಜದ ಗಿಡಗಳು ಕಾಣುತ್ತವೆ. ಈ ವರ್ಷ ಬೀಜಕ್ಕೆಂದು ಬಿಟ್ಟದ್ದು ಮೂರೇ ಗಿಡ, ಕಲ್ಲುಗೋಡೆಯ ಸಾಲಿನಲ್ಲಿ. ಹೋದ ಚಳಿಗಾಲ ಮಾಳಿಗೆ ಸೋರಿ ಬೀಜದ ಸೋರೆಬುರುಡೆಯೊಳಗೆ ನೀರಿಳಿದು ಇದ್ದಬದ್ದದ್ದೆಲ್ಲ ಬೂಸ್ಟು ಹಿಡಿದಿತ್ತು. ಮೊಳೆತದ್ದು ಒಂದು ಹಿಡಿ ಸಸಿ. ಉಳಿದ ಹೊಲಕ್ಕೆ ಎಲ್ಲರ ಹಾಗೆ ಪೇಟೆಯ ಬೀಜ ಹಾಕಬೇಕಾಯಿತು. ಹಾಕುವಾಗ ಯಾರೂ ನೋಡದಂತೆ ಹಾಕಿದೆ.

ಪೇಟೆಯದು ಎಲೆಯಲ್ಲ, ಚಾಪೆ. ನಮ್ಮ ಅಜ್ಜನ ಹೊಗೆಸೊಪ್ಪಿನ ಎಲೆ ಕತ್ತೆಮರಿಯ ಕಿವಿಯಷ್ಟು; ಒಣಗಿದರೆ ಜೇನಿನ ಬಣ್ಣ; ಹಚ್ಚಿದರೆ ಒಣದ್ರಾಕ್ಷಿ ಸುಟ್ಟ ವಾಸನೆ. ಈ ಬೀಜ ಬೇರೆ ಯಾರ ಮನೆಯಲ್ಲೂ ಇಲ್ಲ. ಕೊಟ್ಟರೆ ತಾನೆ ಇರಲು? ಖೆಝಾಲ್ ಮದುವೆಯಲ್ಲಿ ಅಬುಝೆರ್, "ಹುಡುಗಿ ಜೊತೆ ಒಂದು ಚಿಟಿಕೆ ಬೀಜಾನೂ ಕೊಡ್ರಿ ಬೀಗ್ರೆ," ಎಂದು ಹಲ್ಲುಬಿಟ್ಟಾಗ, "ಹುಡುಗಿ ಕೊಟ್ಟಿದೀವಿ, ಕಣ್ಣನ್ನೂ ಕಿತ್ತು ಕೊಡ್ಬೇಕಾ?" ಅಂದಿದ್ದೆ. ಜನ ಇವತ್ತಿಗೂ ಆ ಮಾತು ಹೇಳಿಕೊಂಡು ನಗುತ್ತಾರೆ. ಎಲ್ಲರಿಗಿಂತ ಹೆಚ್ಚು ಹೇಳುವವನು ನಾನೇ.

ಗಿಡ ಮೊಗ್ಗೆತ್ತಿದಾಗ ಕುಡಿ ಮುರಿದರೆ ಸತ್ವವೆಲ್ಲ ಎಲೆಗೆ ಇಳಿಯುತ್ತದೆ. ಬೀಜದ ಗಿಡದ ಕುಡಿಯನ್ನು ಮಾತ್ರ ಮುಟ್ಟಬಾರದು. ಮುರಿಯುವ ಕೈಗೆ ಗುರುತಿರಲಿ ಎಂದು ಊರಿನವರೆಲ್ಲ ಅಂಥ ಗಿಡಕ್ಕೆ ಕೆಂಪು ಉಣ್ಣೆಯ ದಾರ ಕಟ್ಟುತ್ತಾರೆ. ನಾನು ಯಾವ ವರ್ಷವೂ ಕಟ್ಟಿದವನಲ್ಲ. ಹೆತ್ತವಳು ತನ್ನ ಕೂಸಿನ ಹಣೆಗೆ ಹೆಸರು ಬರೆದು ಅಂಟಿಸಿಕೊಳ್ಳುತ್ತಾಳೆಯೇ?

ಆಗಸ್ಟ್ 24, ಶನಿವಾರ

ನಾಡಿದ್ದು ಬಕ್ರೀದ್. ಅದಕ್ಕೆ ಮೊದಲೇ ನಮ್ಮ ಹೊಲದ ಕೆಲಸ ಮುಗಿಸಿಕೊಡೋಣ ಎಂದು ಕೇರಿಯ ಹೆಂಗಸರೆಲ್ಲ ಬಂದರು. ಗಂಡಸು ಮಲಗಿದ ಮನೆಗೆ ಒಂದು ದಿನದ ದುಡಿಮೆ ಕೊಡುವುದು ನಮ್ಮಲ್ಲಿ ಮೊದಲಿಂದ ಬಂದ ನಡೆ. ಅತ್ತಿಗೆ ದೊಡ್ಡ ಹಂಡೆಯಲ್ಲಿ ಗೋಧಿನುಚ್ಚಿನ ಅನ್ನ ಮಾಡಿ, ಮಜ್ಜಿಗೆ ಕಡೆದು, ತಾನೂ ಸಾಲಿಗಿಳಿದಳು. ನಾನು ಕಿಟಕಿಯಲ್ಲಿ ದಂಡು ನಡೆಸುವ ಪಾಶಾನ ಹಾಗೆ ಕುಳಿತು ಎಡಕ್ಕೆ ಬಲಕ್ಕೆ ಅಪ್ಪಣೆ ಕೊಡುತ್ತಿದ್ದೆ.

ಆಗ ಅಬುಝೆರ್ ಬಂದ. ಸೈನ್ಯದಲ್ಲಿದ್ದಾಗ ನಾನು ಸುಬೇದಾರನ ಹೇಸರಗತ್ತೆಯನ್ನು ಅವನಿಗೇ ಮಾರಿದ ಕಥೆ ಅವನಿಗೆ ಹೇಳಲೇಬೇಕಿತ್ತು. ಕಥೆಗೆ ಮುಖ ಬೇಕಲ್ಲ, ಕಿಟಕಿಗೆ ಬೆನ್ನು ಮಾಡಿ ಕುಳಿತೆ. ಹಿಂದಿನಿಂದ ಲಟಕ್ ಲಟಕ್ ಎಂದು ಕುಡಿ ಮುರಿಯುವ ಸದ್ದು ಬರುತ್ತಲೇ ಇತ್ತು. ಒಳ್ಳೆಯ ಸದ್ದು. ಕಥೆ ಮುಗಿಸಿ ತಿರುಗಿದರೆ ಅತ್ತಿಗೆ ಗೋಡೆಯ ಸಾಲಿನ ಕೊನೆಯಲ್ಲಿ ನಿಂತಿದ್ದಾಳೆ.

"ಅತ್ತಿಗೇ! ಬೀಜ! ಅದು ಬೀಜದ್ದು!"

ಅವಳು ತಲೆಯೆತ್ತಿದಳು. ಕೈಯಲ್ಲಿ ಮೂರನೆಯ ಕುಡಿ, ಗುಲಾಬಿ ಬಣ್ಣದ ಹೂ ಸಮೇತ.

"ದಾರ ಎಲ್ಲಿದೆ?" ಅಂದಳು.

ನಾನು ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ. ಇಷ್ಟು ಒಳ್ಳೆಯ ಅಕ್ಷರಕ್ಕೆ ಒಪ್ಪುವ ಮಾತಲ್ಲ. ಅಬುಝೆರ್ ಟೋಪಿ ತೆಗೆದುಕೊಂಡು ಮೆಲ್ಲನೆ ಇಳಿದು ಹೋದ. ಹೆಂಗಸರೂ ಒಬ್ಬೊಬ್ಬರಾಗಿ ಹೋದರು. ಹಂಡೆಯ ಅನ್ನ ಹಾಗೇ ಉಳಿಯಿತು.

ಆಗಸ್ಟ್ 25

ಅತ್ತಿಗೆ ಊಟದ ತಟ್ಟೆಯನ್ನು ಬಾಗಿಲ ಹೊರಗೆ ಏಣಿಯ ಮೇಲಿನ ಹಲಗೆಯಲ್ಲಿಟ್ಟು ಹೋದಳು. ಕೈಗೆ ಎಟುಕಲಿಲ್ಲ.

ಆಗಸ್ಟ್ 27, ಮಂಗಳವಾರ

ಹಬ್ಬದ ಎರಡನೆಯ ದಿನ. ಊರೆಲ್ಲ ಹತ್ತಿ ಬಂದಿತು. ಬಂದವರೆಲ್ಲ ಪ್ಲಾಸ್ಟರನ್ನು ಬೆರಳಿನಿಂದ ತಟ್ಟಿ, ಕಲ್ಲಂಗಡಿ ಹಣ್ಣು ಕೊಳ್ಳುವವರ ಹಾಗೆ ಸದ್ದು ಕೇಳಿ ತಲೆದೂಗಿದರು. ಎದ್ದು ಹೋಗಬೇಕೆಂದರೆ ಅವರೇ ಹೋಗಬೇಕು. ನಾನು ಎಲ್ಲಿಗೆ ಹೋಗಲಿ?

ಅಬುಝೆರ್ ಸಕ್ಕರೆ ಮಿಠಾಯಿ ಚೀಪುತ್ತಾ, "ಬೀಗ್ರೆ, ಹುಡುಗಿ ನಮ್ಮನೇಲಿದಾಳೆ, ಚೆನ್ನಾಗಿದಾಳೆ. ಕಣ್ಣೇ ಹೋಯ್ತಲ್ಲ ನಿಮ್ದು?" ಅಂದ.

"ನನ್ ಬೀಜಾನ ಮುರಿಯೋ ಕೈ ಇನ್ನೂ ಹುಟ್ಟಿಲ್ಲ," ಅಂದೆ.

ಚಹಾ ತಂದ ಅತ್ತಿಗೆ ನನ್ನ ಲೋಟವನ್ನು ಎಲ್ಲರದಕ್ಕಿಂತ ಕೊನೆಗೆ ಇಟ್ಟಳು. ಸಕ್ಕರೆ ಇಡಲಿಲ್ಲ.

ಅವಳ ಹೆಸರು ಬೆಸೆ. ನಮ್ಮ ಮಾತಿನಲ್ಲಿ ಸಾಕು ಎಂದರ್ಥ. ಐದು ಹೆಣ್ಣಾದ ಮೇಲೆ ಹುಟ್ಟಿದವಳಿಗೆ ಅವಳಪ್ಪ ಇಟ್ಟ ಹೆಸರು. ಅಣ್ಣ ಹೋದ ಮೇಲೆ, "ಮೈದುನನ್ನ ಮಾಡ್ಕೊಂಡ್ರೆ ಮನೆ ಮನೇಲೇ ಉಳಿಯತ್ತೆ," ಎಂದು ಹಿರಿಯರು ಸೂಚಿಸಿದಾಗ, "ಒಬ್ಬನ್ನ ಮಾಡ್ಕೊಂಡಿದ್ದು ಸಾಕು," ಎಂದವಳು. ನಾನೂ ಒಪ್ಪುತ್ತಿರಲಿಲ್ಲ ಎನ್ನಿ. ನನಗೆ ಸಮನಾದ ಹೆಣ್ಣು ಈ ಬೆಟ್ಟದಲ್ಲಿ ಹುಟ್ಟಿದ್ದರೆ ಇಷ್ಟು ಹೊತ್ತಿಗೆ ಮದುವೆಯಾಗುತ್ತಿರಲಿಲ್ಲವೇ?

ಸೆಪ್ಟೆಂಬರ್ 3, ಮಂಗಳವಾರ

ನಡುವಿನ ದಿನಗಳಲ್ಲಿ ಬರೆಯುವಂಥದ್ದೇನೂ ಇಲ್ಲ. ತೊಲೆಗಳನ್ನು ಎಣಿಸಿದೆ. ಎಣಿಸಿದಷ್ಟೇ ಇದ್ದವು.

ಇವತ್ತು ಅತ್ತಿಗೆ ಬಾಗಿಲಲ್ಲಿ ನಿಂತು, ನನ್ನನ್ನು ನೋಡದೆ, ಗೋಡೆಗೆ ಹೇಳುವ ಹಾಗೆ ಹೇಳಿದಳು: "ಗೋಡೆ ಮೂಲೆ ಗಿಡದಲ್ಲಿ ಎಲೆ ಬುಡದಿಂದ ಹೊರಟ ಒಂದು ಕಂಕುಳ ಚಿಗುರು ಉಳ್ಕೊಂಡಿದೆ. ಎಲೆ ಮರೇಲಿತ್ತು, ಯಾರಿಗೂ ಕಂಡಿಲ್ಲ. ಮೊಗ್ಗು ಹಿಡಿದಿದೆ."

ನಾನು ಎದ್ದೇ ಬಿಟ್ಟೆ. ಎದ್ದೆ ಎಂದರೆ ಪ್ಲಾಸ್ಟರು ಏಳಲಿಲ್ಲ; ಮೂಗು ನೆಲಕ್ಕೆ ಬಡಿಯಿತು. ಅವಳೇ ಎತ್ತಿ ಕೂರಿಸಿದಳು. ಬೈದುಕೊಂಡು ಕೂರಿಸಿದಳು, ಆದರೂ ಇಷ್ಟು ದಿನದ ಮೇಲೆ ನನಗೆ ಹೇಳಿದ ಮೊದಲ ಮಾತು ಅದು.

ಉಳಿದೆರಡು ಗಿಡಗಳಲ್ಲಿ ಏನೂ ಉಳಿದಿಲ್ಲ. ಇದೊಂದೇ. ಹೂವರಳಿದ ಮೇಲೆ ಕಾಯಿ ಬಲಿತು ಕಂದಾಗಲು ತಿಂಗಳ ಮೇಲೆ ಬೇಕು. ನಮ್ಮ ಬೆಟ್ಟದಲ್ಲಿ ಸುಡುಮಂಜು ಅಕ್ಟೋಬರಿನಲ್ಲಿ ಯಾವತ್ತು ಬೇಕಾದರೂ ಬೀಳಬಹುದು. ಬಿದ್ದ ಬೆಳಗ್ಗೆ ಎಲೆಯ ಮೇಲೆ ಉಪ್ಪು ಚೆಲ್ಲಿದ ಹಾಗಿರುತ್ತದೆ. ಬಿಸಿಲು ತಾಗಿತೋ, ಗಿಡ ಬೆಂದ ಸೊಪ್ಪು. ಹಸಿ ಕಾಯಿಯೊಳಗಿನ ಬೀಜ ಆಮೇಲೆ ಹೊಟ್ಟಿಗೆ ಸಮ. ಈ ವರ್ಷ ತಪ್ಪಿದರೆ ಅಜ್ಜನ ಹೊಗೆಸೊಪ್ಪು ಹೆಸರಿಗೂ ಉಳಿಯುವುದಿಲ್ಲ.

ಸೆಪ್ಟೆಂಬರ್ 9, ಸೋಮವಾರ

ಹೂ ಬಿಟ್ಟಿದೆ. ಸುತ್ತ ಪೇಟೆಯ ಬೀಜದ ಗಿಡಗಳ ಹೂ ಅಲ್ಲಲ್ಲಿ ಇರುತ್ತದೆ, ದುಂಬಿ ಅಲ್ಲಿಂದ ಇಲ್ಲಿಗೆ ಬಂದರೆ ಜಾತಿ ಕೆಟ್ಟಿತು. ಹೂಗೊಂಚಲಿಗೆ ಬಟ್ಟೆ ಚೀಲ ಹಾಕು ಎಂದು ಹೇಳಲು ಕಿಟಕಿಯಿಂದ ಕೂಗಿದೆ. ಗಾಳಿ ನನ್ನ ಮಾತನ್ನು ಬೇರೆ ಕಡೆ ಹೊತ್ತೊಯ್ದಿತು. ತಾಮ್ರದ ತಟ್ಟೆಯನ್ನು ಚಮಚದಿಂದ ಬಡಿದೆ. ಮೂರು ಮನೆಯಾಚೆಯ ನಾಯಿ ಬಂತು, ಅತ್ತಿಗೆ ಬರಲಿಲ್ಲ.

ಸಂಜೆ ನೋಡಿದರೆ ಚೀಲ ಆಗಲೇ ಹಾಕಿದೆ. ತನ್ನ ಬಿಳಿಯ ತಲೆವಸ್ತ್ರವನ್ನು ಕತ್ತರಿಸಿ ಹೊಲಿದಿದ್ದಾಳೆ.

ಅಬುಝೆರ್ ದಾರಿಯಿಂದಲೇ ಕೂಗಿದ: "ಏನ್ರೀ ಬೀಗ್ರೆ, ಹೊಲದಲ್ಲಿ ಮದುವಣಗಿತ್ತಿ ನಿಲ್ಸಿದೀರ? ನೋಡೋಕೆ ಬರ್ಬೋದಾ?"

"ದೂರದಿಂದ ನೋಡು! ನಿನ್ ಹೊಲದ ದುಂಬಿಗೂ ಹೇಳು!"

ಎಷ್ಟೋ ದಿನದ ಮೇಲೆ ಗಂಟಲು ಬಿಟ್ಟು ಕೂಗಿದ್ದು. ಎದೆ ಹಗುರವಾಯಿತು.

ಸೆಪ್ಟೆಂಬರ್ 17, ಮಂಗಳವಾರ

ಬೆಳಗ್ಗೆ ಹೊಲಕ್ಕೆ ಬಿಸಿಲು ಬರುತ್ತದೆ. ಮಧ್ಯಾಹ್ನ ಗೋಡೆಯ ನೆರಳು ಗಿಡದ ಬುಡ ಮುಟ್ಟುತ್ತದೆ. ಸಂಜೆ ದನ ಬರುತ್ತವೆ. ನಾಳೆ ಬೆಳಗ್ಗೆ ಹೊಲಕ್ಕೆ ಬಿಸಿಲು ಬರುತ್ತದೆ.

ಊರ ಚಹಾದಂಗಡಿಯಲ್ಲಿ ನನ್ನ ಕುರ್ಚಿಯಲ್ಲಿ ಯಾರು ಕೂರುತ್ತಿದ್ದಾರೋ. ನನ್ನ ಕಥೆಗಳನ್ನು ನನಗಿಂತ ಕೆಟ್ಟದಾಗಿ ಯಾರು ಹೇಳುತ್ತಿದ್ದಾರೋ. ಮೊನ್ನೆ ಹೇಸರಗತ್ತೆಯ ಕಥೆಯನ್ನು ತೊಲೆಗೆ ಹೇಳಿದೆ. ಇವತ್ತು ಪ್ಲಾಸ್ಟರನ್ನು ಹಲ್ಲಿನಿಂದ ಕಚ್ಚುವವರೆಗೆ ಬಂದಿದ್ದೆ. ಬಾಯಿ ಎಟುಕಲಿಲ್ಲ, ಮರ್ಯಾದೆ ಉಳಿಯಿತು.

ಅತ್ತಿಗೆ ನೀರಿನ ಕೊಡ ಇಳಿಸುತ್ತಿದ್ದಾಗ ಕೇಳಿದೆ: "ಈ ಕೋಣೆ ನನ್ ಕುತ್ತಿಗೆ ಹಿಸುಕ್ತಿದೆ ಅತ್ತಿಗೆ. ನಿಂಗೆ ಇಲ್ಲಿ ಬಂದ್ರೆ ಉಸಿರು ಕಟ್ಟಲ್ವಾ?"

"ನೀನು ಹೋದ ತಿಂಗಳಿಂದ ನೋಡ್ತಿದೀಯ ಈ ಕಿಟಕಿನ," ಅಂದಳು. "ನಾನು ಮದುವೆಯಾಗಿ ಬಂದ ದಿನದಿಂದ ನೋಡ್ತಿದೀನಿ."

ಹೆಂಗಸರಿಗೆ ಎಲ್ಲ ಮಾತನ್ನೂ ತಮ್ಮ ಕಡೆಗೇ ತಿರುಗಿಸಿಕೊಳ್ಳುವ ಅಭ್ಯಾಸ. ಗಾಜು ಒರೆಸಲು ಹೇಳಿದೆ. ಒರೆಸುವ ಬಟ್ಟೆಯನ್ನು ನನ್ನ ಮೇಲೆಸೆದು ಹೋದಳು. ಒರೆಸಿದೆ. ಕೂತಲ್ಲಿಂದಲೇ ಕೈಗೆ ಎಟುಕುತ್ತದೆ, ಇಷ್ಟು ದಿನ ಗೊತ್ತಿರಲಿಲ್ಲ.

ಸೆಪ್ಟೆಂಬರ್ 28, ಶನಿವಾರ

ಹೂವುದುರಿ ಕಾಯಿ ಕಟ್ಟಿದೆ. ಕಡಲೆಕಾಳಿನಷ್ಟು, ಹಸಿರು. ತಡವಾಗಿ ಬಂದ ಮೊಗ್ಗುಗಳನ್ನೆಲ್ಲ ಚಿವುಟಿಹಾಕಿ, ಮೊದಲು ಕಟ್ಟಿದ ಕಾಯಿಗಳಿಗೇ ಸತ್ವ ಬಿಡಬೇಕು ಎಂದು ಹೇಳೋಣವೆಂದುಕೊಂಡಿದ್ದೆ. ಹೇಳುವ ಮೊದಲೇ ಅತ್ತಿಗೆ ಚಿವುಟಿದ್ದಾಳೆ. ನನ್ನನ್ನು ನೋಡಿ ಕಲಿತಿರಬೇಕು.

ಆದರೆ ನಾನು ಯಾವ ವರ್ಷ ಚಿವುಟಿದ್ದೆ ಎಂದು ಯೋಚಿಸಿದರೆ ನೆನಪಿಗೆ ಬರುತ್ತಿಲ್ಲ. ಕಾಲು ನೋವಿಗೆ ಕೊಡುವ ಗುಳಿಗೆ ತಲೆ ಮಂಕು ಮಾಡುತ್ತದೆ.

ಅಕ್ಟೋಬರ್ 5, ಶನಿವಾರ

ಬೆಟ್ಟದ ನೆತ್ತಿ ಬೆಳಗಾಗುವುದರೊಳಗೆ ಬೆಳ್ಳಗಾಗಿದೆ. ಇಷ್ಟು ಬೇಗ ಎಂದೂ ಆಗಿದ್ದಿಲ್ಲ. ಕಾಯಿ ಇನ್ನೂ ಹಸಿರು. ರೇಡಿಯೋದವನು ಎತ್ತರದ ಊರುಗಳಿಗೆ ಎಚ್ಚರಿಕೆ ಎಂದು ಹೇಳಿ, ಅದರ ಬೆನ್ನಿಗೇ ಕುಣಿತದ ಹಾಡು ಹಾಕಿದ. ಮನುಷ್ಯನೇ ಅಲ್ಲ.

ಅಕ್ಟೋಬರ್ 9, ಬುಧವಾರ

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ. ನಿನ್ನೆ ಪೆನ್ನು ಮುಟ್ಟಲಿಲ್ಲ. ಸಿಟ್ಟಿಗೆ.

ನಿನ್ನೆ ಮಧ್ಯಾಹ್ನದ ಹೊತ್ತಿಗೆ ಗಾಳಿ ನಿಂತಿತು. ಆಕಾಶ ತೊಳೆದ ತಟ್ಟೆಯ ಹಾಗೆ. ಸುಡುಮಂಜು ಬೀಳುವ ಮೊದಲು ಹೀಗೇ ಇರುತ್ತದೆ. ಅತ್ತಿಗೆ ಮೇಲೆ ಬಂದಳು.

"ಇವತ್ತು ಬೀಳತ್ತೆ," ಅಂದಳು. "ಗಿಡಾನ ಒಳಗೆ ತರ್ತೀನಿ."

"ಒಳಗೆ ಅಂದ್ರೆ?"

"ಬುಡದ ಮಣ್ಣು ಸಮೇತ ಅಗೆದು ಎಣ್ಣೆ ಡಬ್ಬದಲ್ಲಿ ಕೂರ್ಸಿ."

"ತಲೆ ಕೆಟ್ಟಿದೆಯಾ? ಕಾಯಿ ಕಂದಾಗಿ, ಅಲ್ಲಾಡಿಸಿದ್ರೆ ಒಳಗೆ ಸದ್ದು ಬರೋವರೆಗೂ ಗಿಡದ ಬೇರು ಅಲುಗಿಸ್ಬಾರ್ದು. ಅಜ್ಜ ಹೇಳಿದ್ದು."

"ಅಜ್ಜನ ಗಿಡ ಜುಲೈನಲ್ಲಿ ಹೂ ಬಿಡ್ತಿತ್ತು."

"ಕಂಬಳಿ ಹೊದ್ಸು. ಸುತ್ತ ಸಗಣಿ ಬೆರಣಿ ಹೊಗೆ ಹಾಕು. ಬೆಳಗಿನವರೆಗೂ ಕಾಯ್ತಾ ಕೂರು."

"ಯಾರು ಕಾಯ್ಬೇಕು? ನೀನು ಇಳಿದು ಬರ್ತೀಯಾ?"

ಖೆಝಾಲ್ ತಂದಿಟ್ಟಿದ್ದ ಊರುಗೋಲನ್ನು ನೆಲಕ್ಕೆ ಕುಟ್ಟಿದೆ.

"ಕಿತ್ರೆ ಸಾಯತ್ತೆ ಅತ್ತಿಗೆ!"

"ಬಿಟ್ರೂ ಸಾಯತ್ತೆ. ಬಿಟ್ರೆ ಬೆಳಗಾಗೋದ್ರಲ್ಲಿ ಸಾಯತ್ತೆ, ಕಿತ್ರೆ ನಿಧಾನಕ್ಕೆ ಸಾಯತ್ತೆ. ಅಷ್ಟರೊಳಗೆ ಕಾಯಿ ಬಲೀಬೋದು."

"ಈ ಬೀಜ ನನ್ನ ಮನೇದು. ನಾನು ಹೇಳ್ದಂಗೆ ಆಗ್ಬೇಕು!"

"ನಿನ್ ಮನೆ ಸಸಿಮಡಿಗೆ ಒಂದು ವಸಂತದಲ್ಲಾದ್ರೂ ಒಂದು ಕೊಡ ನೀರು ಹೊತ್ತಿದೀಯಾ ಜುಮೊ?"

ಇಳಿದು ಹೋದಳು. ನಾನು ಊರುಗೋಲಿನಿಂದ ಬಾಗಿಲನ್ನು ದೂಡಿ, ಅದರ ತುದಿಯಿಂದಲೇ ಅಗಳಿ ಸರಿಸಿದೆ. ತರಲಿ ನೋಡೋಣ ಎಂದುಕೊಂಡೆ. ಕಿಟಕಿಯಿಂದ ಕಾಣುತ್ತಿತ್ತು: ಗುದ್ದಲಿ ಹಿಡಿದು ಸುತ್ತ ದುಂಡಗೆ ಕಡಿದಳು, ಮಂಡಿಯೂರಿ ಕೈಯಿಂದ ಮಣ್ಣು ಕೆರೆದಳು, ಕೂಸನ್ನು ಎತ್ತುವ ಹಾಗೆ ಎರಡೂ ಕೈಯಿಂದ ಎತ್ತಿದಳು. ಅಜ್ಜ ಗೋರಿಯಲ್ಲಿ ಮಗ್ಗುಲು ಬದಲಿಸಿರಬೇಕು.

ಏಣಿ ನರಳುತ್ತ ನರಳುತ್ತ ಬಾಗಿಲವರೆಗೆ ಬಂತು. ಡಬ್ಬ ಹಲಗೆಯ ಮೇಲೆ ದಡ್ ಎಂದು ಕೂತ ಸದ್ದು.

"ಅಗಳಿ ತೆಗಿ."

ನಾನು ಕಂಬಳಿಯನ್ನು ತಲೆಯವರೆಗೆ ಎಳೆದುಕೊಂಡೆ.

"ನಿನ್ನಷ್ಟೇ ಭಾರ ಇದೆ ಇದು. ಮತ್ತೆ ಕೆಳಗೆ ಹೊರೋಕೆ ನನ್ ಕೈಲಾಗಲ್ಲ. ಇಲ್ಲೇ ಬಿಟ್ಟು ಹೋಗ್ತೀನಿ. ನಿನ್ ಬಾಗಿಲಲ್ಲೇ ಸಾಯ್ಲಿ, ನೋಡ್ತಾ ಕೂತಿರು."

ಹೊರಗೆ ಅವಳು ಏದುಸಿರು ಬಿಡುವುದು ಕೇಳಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದುಕೊಂಡಿತು. ಗಾಳಿಗಿರಬೇಕು.

ಇವತ್ತು ಬೆ‌ಳಗ್ಗೆ ಹೊಲವೆಲ್ಲ ಬಿಳಿ. ಬಿಸಿಲು ಗೋಡೆ ಹತ್ತಿದಂತೆ ಎಲೆ ಕೊಯ್ದು ಬಿಟ್ಟಿದ್ದ ಉಳಿದ ಗಿಡಗಳೆಲ್ಲ ಒಂದೊಂದಾಗಿ ಕಪ್ಪಾಗಿ ಜೋತುಬಿದ್ದವು. ಕಿಟಕಿಯ ಈಚೆಗೆ, ನನ್ನ ಹಾಸಿಗೆಯ ಪಕ್ಕದಲ್ಲಿ, ಆಲಿವ್ ಎಣ್ಣೆಯ ಡಬ್ಬದೊಳಗೆ ಒಂದು ಗಿಡ ಹಸಿರಾಗಿ ನಿಂತಿದೆ. ತಲೆಯ ಮೇಲೆ ಅತ್ತಿಗೆಯ ಬಿಳಿ ವಸ್ತ್ರ.

ಅಕ್ಟೋಬರ್ 12, ಶನಿವಾರ

ಎಲೆಗಳು ಬಾಡುತ್ತಿವೆ. ಹೇಳಿದ್ದೆನಲ್ಲ.

ನನ್ನ ಕುಡಿಯುವ ನೀರಿನಿಂದಲೇ ಒಂದು ಲೋಟ ಹಾಕಿದೆ. ಮಧ್ಯಾಹ್ನ ಇನ್ನೊಂದು. ಬಿಸಿಲು ಕಿಟಕಿಯಿಂದ ಸ್ವಲ್ಪ ಹೊತ್ತು ಮಾತ್ರ ಬರುತ್ತದೆ. ಬಂದಾಗ ಊರುಗೋಲಿನ ಹಿಡಿಯಿಂದ ಡಬ್ಬವನ್ನು ಎಳೆದು ಅದಕ್ಕೆ ಮುಖ ಮಾಡಿಸುತ್ತೇನೆ. ಬಿಸಿಲು ಸರಿದರೆ ನಾನೂ ಸರಿಸುತ್ತೇನೆ. ನಾವಿಬ್ಬರೂ ಹೀಗೆ. ಅದಕ್ಕೂ ಬುಡ ಕಿತ್ತಿದೆ, ನನಗೂ. ಅದಾದರೂ ಬಾಯಿ ಮುಚ್ಚಿಕೊಂಡು ನಿಂತಿದೆ.

ಹೇಸರಗತ್ತೆಯ ಕಥೆ ಹೇಳಿದೆ. ಅಡ್ಡ ಮಾತಾಡದೆ ಪೂರ್ತಿ ಕೇಳಿತು.

ಅಕ್ಟೋಬರ್ 18, ಶುಕ್ರವಾರ

ಕೆಳಗಿನ ಎಲೆಗಳೆಲ್ಲ ಉದುರಿದವು. ಕಾಂಡದ ತೊಗಟೆ ಸುಕ್ಕಾಗುತ್ತಿದೆ. ಚೀಲ ಬಿಚ್ಚಿ ನೋಡಲು ಧೈರ್ಯವಿಲ್ಲ. ಅತ್ತಿಗೆಯನ್ನು ಕರೆದು, "ನೋಡು ನಿನ್ ಬುದ್ಧಿವಂತಿಕೆ!" ಎಂದು ಕೂಗಬೇಕೆಂದಿದ್ದೆ. ಅವಳು ಬಂದು ಡಬ್ಬದ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು ಮಣ್ಣಿಗೆ ಬೆರಳಿಟ್ಟಳು. ಒದ್ದೆಯಿತ್ತು.

"ಯಾರು ನೀರು ಹಾಕಿದ್ದು?"

"ಇಲ್ಲಿ ಇನ್ಯಾರಿದ್ದಾರೆ?"

"ಅಷ್ಟು ಹಾಕ್ಬೇಡ. ಬೇರು ಕೊಳೆಯತ್ತೆ. ಈಗ ಅದಕ್ಕೆ ಬಾಯಾರ್ಬೇಕು, ಆಗ್ಲೇ ಕಾಯಿ ಬೇಗ ಬಲಿಯೋದು." ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, "ನಾನೇ ಮುರಿದೆ ಅಂತ ನಂಗೆ ಗೊತ್ತು ಜುಮೊ," ಅಂದಳು. "ದಾರ ಇಲ್ದಿದ್ರೂ ನೋಡ್ಬೇಕಿತ್ತು. ಕೈ ತಾನಾಗೇ ಹೋಯ್ತು."

ಕಾಲು ತುರಿಸುತ್ತಿದೆ ಅಂದೆ. ಹೊಗೆಸೊಪ್ಪಿನ ಸೂಜಿ ತಂದು ಕೈಗೆ ಕೊಟ್ಟಳು.

ಅಕ್ಟೋಬರ್ 19

ನೀರು ಹಾಕಲಿಲ್ಲ. ಕಷ್ಟ.

ಅಕ್ಟೋಬರ್ 26, ಶನಿವಾರ

ಪೇಟೆಯಿಂದ ಕಾಂಪೌಂಡರು ಬಂದು ಪ್ಲಾಸ್ಟರು ಕತ್ತರಿಸಿದ. ಒಳಗಿದ್ದದ್ದು ನನ್ನ ಕಾಲಲ್ಲ. ಪುಕ್ಕ ಕಿತ್ತ ಕೋಳಿಯದ್ದು. ಈ ಕಾಲಿನಲ್ಲಿ ಮಾಳಿಗೆಯಿಂದ ಹಾರಿದೆನೇ ನಾನು?

ಊರುಗೋಲು ಹಿಡಿದು ಮೆಲ್ಲಗೆ ಇಳಿಯಬಹುದು ಎಂದ. ಖೆಝಾಲ್, ಅಬುಝೆರ್ ಇಬ್ಬರೂ ಏಣಿಯ ಬುಡದಲ್ಲಿ ಕಾದಿದ್ದರು. "ಬಾ ಮಾಮೊ, ಚಹಾದಂಗಡಿಯೋರೆಲ್ಲ ಕಾಯ್ತಿದಾರೆ, ನೀನಿಲ್ದೆ ನಿಜ ಮಾತೇ ಕೇಳಿ ಕೇಳಿ ಬೇಜಾರಾಗಿದೆಯಂತೆ!" ಎಂದು ಖೆಝಾಲ್ ಕೂಗಿದಳು.

ನಾಳೆ ಬರುತ್ತೇನೆ ಅಂದೆ. ಸಂಜೆ ಬಿಸಿಲಿಗೆ ಡಬ್ಬ ತಿರುಗಿಸಬೇಕು. ಇಷ್ಟು ದಿನ ಇದ್ದವನಿಗೆ ಒಂದು ದಿನ ಹೆಚ್ಚೇ?

ನವೆಂಬರ್ 2, ಶನಿವಾರ

ಗಿಡ ಸತ್ತಿದೆ. ಕಾಂಡ ಒಣಕಡ್ಡಿ. ಅತ್ತಿಗೆ ಚೀಲವನ್ನು ಬುಡದಲ್ಲಿ ಬಿಗಿದು ಕತ್ತರಿಸಿದಳು. ಹಾಳೆ ಹಾಸಿ ಅದರ ಮೇಲೆ ಬಿಚ್ಚಿದಳು. ತುದಿಯ ಕಾಯಿಗಳು ಕಂದು, ಕೆಳಗಿನವು ಇನ್ನೂ ಹಸಿರು ಮಿಶ್ರ. ಕಂದಾದ ಒಂದನ್ನು ಅವಳು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ನನ್ನ ಕಿವಿಗೂ ಹಿಡಿದಳು. ಮಳೆ ದೂರದಲ್ಲಿ ಮರಳಿನ ಮೇಲೆ ಬಿದ್ದ ಹಾಗೆ.

ಒಡೆದರೆ ನಶ್ಯದಂಥ ಕಂದು ಪುಡಿ. ಉಸಿರು ಬಿಟ್ಟರೆ ಹಾರುತ್ತದೆ, ಇಬ್ಬರೂ ಉಸಿರು ಹಿಡಿದೆವು. ಹಸಿರು ಕಾಯಿಯೊಳಗಿನದು ಬಿಳಿಚಿಕೊಂಡಿತ್ತು, ಅದನ್ನು ಬೇರೆಯಿಟ್ಟಳು.

ಕಂದಾದದ್ದೆಲ್ಲ ಜೀವದ್ದೇ ಆಗಿರಬೇಕೆಂದಿಲ್ಲ. ಒಂದು ಚಿಟಿಕೆಯನ್ನು ಒದ್ದೆ ಉಣ್ಣೆಬಟ್ಟೆಯಲ್ಲಿ ಕಟ್ಟಿ ಸೊಂಟದ ಪಟ್ಟಿಯೊಳಗೆ, ಮೈಗೆ ತಾಗುವಂತೆ ಸಿಕ್ಕಿಸಿಕೊಂಡಳು. ವಸಂತದಲ್ಲಿ ಹೆಂಗಸರು ಮೊಳಕೆ ಕಟ್ಟಿಸುವುದು ಹೀಗೇ. ದನ ಕರೆಯುವಾಗ, ರೊಟ್ಟಿ ಬಡಿಯುವಾಗ, ಮಲಗುವಾಗ ಅದು ಅಲ್ಲೇ ಇರುತ್ತದೆ. ವಾರ ಹತ್ತು ದಿನ ಬೇಕು.

ನವೆಂಬರ್ 6, ಬುಧವಾರ

ಚಹಾದಂಗಡಿಗೆ ಹೋಗಿ ಬಂದೆ. ಕುರ್ಚಿ ಖಾಲಿ ಇಟ್ಟಿದ್ದರು. ಎಲ್ಲರೂ "ಹೇಳು ಮಾಮೊ," ಎಂದು ಸುತ್ತ ಕೂತರು. ಹೇಳಲು ಬಾಯಿ ತೆರೆದರೆ, ಬಟ್ಟೆ ಒಣಗಿರಬಹುದೇ, ಅತ್ತಿಗೆ ಮತ್ತೆ ಒದ್ದೆ ಮಾಡಿರಬಹುದೇ ಎಂಬುದೇ ತಲೆಯಲ್ಲಿ. ಬೇಗ ಎದ್ದು ಬಂದೆ. ಮಾಡಿದ್ದಳು.

ನವೆಂಬರ್ 8

ಏನೂ ಇಲ್ಲ.

ನವೆಂಬರ್ 9

ಏನೂ ಇಲ್ಲ. ಅತ್ತಿಗೆ ಊಟ ಮಾಡಲಿಲ್ಲ. ನಾನೂ.

ನವೆಂಬರ್ 11, ಸೋಮವಾರ

ಬೆಳಗ್ಗೆ ಅವಳು ಒಲೆಯ ಮುಂದೆ ಬಟ್ಟೆ ಬಿಚ್ಚಿ, ಬೆಳಕಿಗೆ ಹಿಡಿದು, ನನ್ನ ಕೈಗೆ ಕೊಟ್ಟಳು. ನನ್ನ ಕಣ್ಣಿಗೆ ಮೊದಲು ಕಂದು ಪುಡಿಯಷ್ಟೇ ಕಂಡಿತು. ಆಮೇಲೆ ಕಣಗಳ ತುದಿಯಲ್ಲಿ, ಸೂಜಿಮೊನೆಗಿಂತ ಸಣ್ಣದಾಗಿ, ಬಿಳಿ. ಎಲ್ಲದರಲ್ಲೂ ಇಲ್ಲ. ಅರ್ಧಕ್ಕಿಂತ ಹೆಚ್ಚಿನದರಲ್ಲಿ ಇದೆ.

ಬಟ್ಟೆಯನ್ನು ಹಿಡಿದುಕೊಂಡು ಎಷ್ಟು ಹೊತ್ತು ಕೂತಿದ್ದೆನೋ. ಹೊಗೆ ಕಣ್ಣಿಗೆ ಬಂತು. ಆ ಒಲೆಯ ಕೊಳವೆ ಸರಿಮಾಡಬೇಕು.

ನವೆಂಬರ್ 14, ಗುರುವಾರ

ಹಿಮ ಬೀಳತೊಡಗಿದೆ. ಕಣಿವೆಯ ದಾರಿ ನಾಳೆಗೆ ಮುಚ್ಚಿಹೋಗುತ್ತದೆ. ಇನ್ನು ಮಾರ್ಚಿನವರೆಗೆ ಎಲ್ಲರೂ ಒಳಗೇ.

ಅಬುಝೆರ್ ಮಂಡಿಯುದ್ದದ ಬೂಟು ಹಾಕಿಕೊಂಡು, ಅಕ್ರೋಟು ತುಂಬಿದ ಚೀಲ ತಂದು ಒಲೆಯ ಪಕ್ಕ ಕೂತ. ಖೆಝಾಲ್ ಸುದ್ದಿ ಮುಟ್ಟಿಸಿದ್ದಾಳೆ.

"ಹೊಲದಲ್ಲಿ ಗಿಡಾನೇ ಇರ್ಲಿಲ್ಲ. ಮಂಜು ಬಿದ್ಮೇಲೆ ಬೀಜ ಎಲ್ಲಿಂದ ಬಂತ್ರೀ ಬೀಗ್ರೆ? ಆಕಾಶದಿಂದ್ಲಾ?"

ಇಂಥ ಪ್ರಶ್ನೆಗಾಗಿ ಜೀವಮಾನವಿಡೀ ಕಾದಿದ್ದೆ. ಬೆನ್ನು ನೆಟ್ಟಗೆ ಮಾಡಿ, ಗಂಟಲು ಸರಿಮಾಡಿಕೊಂಡು ಶುರುಮಾಡಿದೆ: ಅಂದು ಗಾಳಿ ನಿಂತದ್ದು, ಆಕಾಶ ತೊಳೆದ ತಟ್ಟೆಯಾದದ್ದು, ಇವತ್ತು ಬೀಳುತ್ತದೆ ಎಂದು ಗೊತ್ತಾದದ್ದು. ಚೆನ್ನಾಗಿ ಹೋಗುತ್ತಿತ್ತು. ಗುದ್ದಲಿಯ ಹತ್ತಿರ ಬಂದೆ. ಬಂದು ನಿಂತೆ.

"ಆಮೇಲೆ?" ಅಂದ ಅಬುಝೆರ್.

"ಆಮೇಲಿಂದು ಅವಳು ಹೇಳ್ತಾಳೆ, ಕೇಳು," ಅಂದೆ.

ಅತ್ತಿಗೆ ಅಕ್ರೋಟು ಒಡೆಯುತ್ತಿದ್ದವಳು ಕೈ ನಿಲ್ಲಿಸಿ ನನ್ನನ್ನು ನೋಡಿದಳು. ಮತ್ತೆ ಒಡೆಯತೊಡಗಿದಳು.

"ಅಗೆದು ಮೇಲೆ ತಂದೆ. ಇವನು ನೋಡ್ಕೊಂಡ," ಅಂದಳು. "ಸತ್ತೇಹೋಯ್ತು ಅಂದ್ಕೊಂಡಿದ್ದೆ. ಬೆಳಗ್ಗಿಂದ ಸಂಜೆವರೆಗೂ ಅದಕ್ಕೆ ಹೇಸರಗತ್ತೆ ಕಥೆ ಹೇಳ್ತಿದ್ದ, ಕೆಳಗೆ ಕೇಳಿಸ್ತಿತ್ತು. ಇವನ ಕೈಯಿಂದ ತಪ್ಪಿಸ್ಕೊಂಡ್ರೆ ಸಾಕು ಅಂತ ಬೇಗ ಬಲಿತಿರ್ಬೇಕು."

ಅಬುಝೆರ್ ಒಲೆಯ ಬೂದಿ ಹಾರುವ ಹಾಗೆ ನಕ್ಕ. ನಾನು ಹೇಳಿದ್ದರೆ ಚಹಾ ಆರುವವರೆಗೆ ಹೇಳುತ್ತಿದ್ದೆ. ಅವಳು ನಾಲ್ಕು ಮಾತಿನಲ್ಲಿ ಮುಗಿಸಿಬಿಟ್ಟಳು. ಆದರೆ ಇಷ್ಟು ವರ್ಷದಲ್ಲಿ ಈ ಒಲೆಯ ಮುಂದೆ ಹೇಳಿದ ಒಂದು ಕಥೆಯನ್ನೂ ನಂಬದ ಅಬುಝೆರ್ ಇದನ್ನು ನಂಬಿದ.

ಅವನು ಹೋದ ಮೇಲೆ ಉಳಿದ ಬೀಜವನ್ನು ಎಲ್ಲಿಟ್ಟಿದ್ದೀಯ ಎಂದು ಕೇಳಿದೆ.

"ಇಟ್ಟಿದೀನಿ," ಅಂದಳು.

ಎಲ್ಲಿ ಎಂದು ಹೇಳಲಿಲ್ಲ. ಹೇಳದಿದ್ದರೇನಂತೆ? ಮಾರ್ಚಿನಲ್ಲಿ ಸಸಿಮಡಿಗೆ ನೀರು ಹೊರುವಾಗ ಕೇಳಿದರಾಯಿತು.